ಸಾಕೆ ಬಾಂಬ್ ಕೊಡುವ ಮೊದಲು ಟೇಬಲ್ ನೋಡಿ

ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ, ಜಪಾನ್‌ಟೌನ್‌ನ ಒಂದು ರೆಸ್ಟೋರೆಂಟಿನ ಬಾರ್ ನೋಡಿಕೊಳ್ಳುತ್ತೇನೆ. ಶುಕ್ರವಾರ ರಾತ್ರಿ ಇಲ್ಲಿ ಸಾಕೆ ಬಾಂಬ್‌ಗೆ ಬೇಡಿಕೆ ಜಾಸ್ತಿ. ಬಿಯರ್ ಗ್ಲಾಸಿನ ಮೇಲೆ ಎರಡು ಚಾಪ್‌ಸ್ಟಿಕ್ ಅಡ್ಡ ಇಟ್ಟು, ಅದರ ಮೇಲೆ ಸಾಕೆ ಎಂಬ ಜಪಾನಿ ಅಕ್ಕಿ ಮದ್ಯ ತುಂಬಿದ ಪುಟ್ಟ ಬಟ್ಟಲು ಇಡುತ್ತಾರೆ. ‘ಇಚಿ, ನಿ, ಸಾನ್’ ಎಂದು ಎಣಿಸಿ ಟೇಬಲ್ ಗುದ್ದಿದರೆ ಬಟ್ಟಲು ಬಿಯರಿನೊಳಗೆ ಬೀಳುತ್ತದೆ. ಆಮೇಲೆ ಒಂದೇ ಉಸಿರಿಗೆ ಕುಡಿಯುವುದು. ಇದು ಜನಪ್ರಿಯವಾಗಿದ್ದು ಅಮೆರಿಕದ ಜಪಾನಿ ಹೋಟೆಲುಗಳಲ್ಲಿ. ಜಪಾನಿನ ಇಜಾಕಾಯಾಗಳಲ್ಲಿ (ಅಲ್ಲಿನ ಸಾದಾ ಬಾರ್-ಹೋಟೆಲುಗಳಲ್ಲಿ) ಮೊದಲು ಬಿಯರ್ ಕುಡಿದು, ಸಾಕೆಯನ್ನು ಆಮೇಲೆ ಬೇರೆಯಾಗಿಯೇ ತರಿಸಿಕೊಳ್ಳುವುದು ರೂಢಿ.

ಅದಕ್ಕೇ ಕೆಲವು ಬಾರ್‌ನವರಿಗೆ ಈ ಪಾನೀಯದ ಮೇಲೆ ತಾತ್ಸಾರ. ಉಳಿದ ಸಾಕೆಯನ್ನು ಬಿಸಿ ಮಾಡಿ ಸುರಿದು ಕಳಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗಿರಾಕಿ ಕೇಳಿದ್ದನ್ನು ಮನಸ್ಸಿಟ್ಟು ಮಾಡಿಕೊಡಬೇಕು.

ಮೊದಲು ಸಾಕೆಯ ವಿಷಯ. ಬಿಸಿ ಸಾಕೆ ಬಿದ್ದರೆ ಬಿಯರಿನ ಗ್ಯಾಸ್ ಎಲ್ಲಾ ಒಮ್ಮೆಲೇ ಹೊರಗೆ ಬರುತ್ತದೆ. ನೊರೆ ಉಕ್ಕಿ ಟೇಬಲ್ ಮೇಲೆ ಹರಿಯುತ್ತದೆ, ಗ್ಲಾಸಿನಲ್ಲಿ ಸಪ್ಪೆ ನೀರು ಉಳಿಯುತ್ತದೆ. ಹಾಗಾಗಿ ನಾನು ತಣ್ಣಗಿರುವುದನ್ನೇ ಕೊಡುತ್ತೇನೆ. ದುಬಾರಿ ಗಿಂಜೋ ಇದಕ್ಕೆ ಬೇಡ. ಅಕ್ಕಿಕಾಳಿನ ಕನಿಷ್ಠ ಶೇ. 40 ಭಾಗವನ್ನು ಉಜ್ಜಿ ತೆಗೆದು ಮಾಡುವ ಆ ಸಾಕೆಯ ನವಿರಾದ ಪರಿಮಳ ಬಿಯರಿನ ಕಹಿಯಲ್ಲಿ ಕಾಣೆಯಾಗುತ್ತದೆ. ಅಕ್ಕಿ, ನೀರು, ಕೋಜಿ (ಹುದುಗಿಸಲು ಬಳಸುವ ಬೂಷ್ಟು), ಯೀಸ್ಟ್ ಬಿಟ್ಟು ಬೇರೇನೂ ಹಾಕದ ಸಾದಾ ಜುನ್‌ಮಾಯ್ ಸಾಕು. ಅದು ಜಪಾನಿನಿಂದಲೇ ಬರಬೇಕೆಂದೇನಿಲ್ಲ. ಓಝೆಕಿ ಕಂಪನಿ 1979ರಲ್ಲೇ ನಮ್ಮ ಪಕ್ಕದ ಹಾಲಿಸ್ಟರ್‌ಗೆ ಬಂದಿದೆ. ಬರ್ಕ್ಲಿಯಲ್ಲಿ ತಕಾರಾದವರು ಮಾಡುತ್ತಾರೆ. ಬಿಯರ್ ಅಂದರೆ ನನ್ನ ಆಯ್ಕೆ ಅಸಾಹಿ ಸೂಪರ್ ಡ್ರೈ. ಅದರಲ್ಲಿ ಮಾಲ್ಟ್ ಜೊತೆ ಅಕ್ಕಿಯೂ ಇದೆ, ಕಹಿಯೂ ಹದವಾಗಿದೆ.

ಇನ್ನು ಟೇಬಲ್. ಇದನ್ನು ನನಗೆ ಕಲಿಸಿದವರು ಬಾರ್‌ನ ಹಿರಿಯರೊಬ್ಬರು. ಆರ್ಡರ್ ಬಂದ ಕೂಡಲೇ ಅವರು ಬಾಟಲಿ ಮುಟ್ಟುತ್ತಿರಲಿಲ್ಲ, ಟೇಬಲ್ ಹತ್ತಿರ ಹೋಗುತ್ತಿದ್ದರು. ಸೋಯಾ ಸಾಸ್ ಬಟ್ಟಲು, ಫೋನು, ಬಿಸಿ ಸೂಪು ಎಲ್ಲಾ ಪಕ್ಕಕ್ಕೆ ಸರಿಸುತ್ತಿದ್ದರು. ನೀರು ಮತ್ತು ಎಡಮಾಮೆ (ಬೇಯಿಸಿದ ಎಳೆ ಸೋಯಾ ಕಾಯಿ) ಮೊದಲೇ ಇಡಿಸುತ್ತಿದ್ದರು. ಪಕ್ಕದಲ್ಲಿ ವಯಸ್ಸಾದವರು ಊಟ ಮಾಡುತ್ತಿದ್ದರೆ ಈ ಗುಂಪಿಗೆ ಮೂಲೆಯ ಟೇಬಲ್ ಕೊಡುತ್ತಿದ್ದರು. ಗ್ಲಾಸ್ ದಪ್ಪನೆಯದು, ಬಿಯರ್ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಚಾಪ್‌ಸ್ಟಿಕ್ ಮಾತ್ರ ಒರಟು ಮರದ್ದೇ ಆಗಬೇಕು. ಮೆರುಗು ಹಚ್ಚಿದ್ದು ಗುದ್ದುವ ಮೊದಲೇ ಜಾರುತ್ತದೆ. ಪಿಂಗಾಣಿ ಬಟ್ಟಲು ಬಿದ್ದು ಗ್ಲಾಸ್ ಸೀಳಿದ್ದನ್ನು ನೋಡಿದ್ದೇನೆ, ಅದಕ್ಕೇ ಪ್ಲಾಸ್ಟಿಕ್ ಬಟ್ಟಲು ಬಳಸುತ್ತೇವೆ.

ಅಳತೆ 240 ಮಿಲಿ ಬಿಯರ್, 45 ಮಿಲಿ ಸಾಕೆ. ಬಿಯರ್ ಶೇ. 5, ಸಾಕೆ ಶೇ. 15 ಎಂದರೆ ಎರಡೂ ಸೇರಿ ಸುಮಾರು ಶೇ. 6.6 ಆಲ್ಕೋಹಾಲ್. ಇಲ್ಲಿನ ಲೆಕ್ಕದಲ್ಲಿ ಅದು ಒಂದು ಡ್ರಿಂಕ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟೇನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಕೆಲವೇ ಸೆಕೆಂಡಿನಲ್ಲಿ ಹೊಟ್ಟೆ ಸೇರುತ್ತದೆ. ಮೊದಲನೆಯದು ತಲೆಗೆ ಏರುವಷ್ಟರಲ್ಲಿ ಮೂರನೆಯದು ಮುಗಿದಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮದ್ಯ ಬಡಿಸುವವರು 2022ರಿಂದ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ಅಮಲೇರಿದವರಿಗೆ ಮತ್ತೆ ಬಡಿಸುವುದು ಇಲ್ಲಿ ಅಪರಾಧ. ಆದರೆ ನನಗೆ ಕಾನೂನಿಗಿಂತ ದೊಡ್ಡ ಚಿಂತೆ ಅವರು ಮನೆ ಸೇರುವುದು.

ಇತ್ತೀಚೆಗೆ ಕನ್ನಡದ ಹುಡುಗರ ಗುಂಪೊಂದು ಬಂದಿತ್ತು. ನಾನು ಕನ್ನಡ ಮಾತಾಡಿದ್ದು ಕೇಳಿ ಖುಷಿಯಾಗಿ, ‘ಅಣ್ಣಾ, ಇನ್ನೊಂದು ರೌಂಡ್ ಹಾಕಿ’ ಅಂದರು.

‘ಗಾಡಿ ಯಾರು ಓಡಿಸ್ತೀರಪ್ಪಾ?’

ಒಬ್ಬ ಕೈ ಎತ್ತಿದ. ಅವನ ಮುಂದಿದ್ದದ್ದು ಕೋಕ್. ಸರಿ, ಕೊಟ್ಟೆ. ಆದರೆ ಈ ಸಲ ಗುದ್ದುವುದು ಬೇಡ, ಸುರಿದುಕೊಂಡು ಕುಡಿಯಿರಿ ಅಂದೆ. ಖಾಲಿ ಗ್ಲಾಸಿಗೆ ಮೊದಲು ಸಾಕೆ, ಆಮೇಲೆ ಗ್ಲಾಸ್ ಓರೆ ಮಾಡಿ ಅಂಚಿನಗುಂಟ ಬಿಯರ್. ಕಲಕುವುದೇ ಬೇಡ, ತಾನೇ ಬೆರೆಯುತ್ತದೆ.

ಒಬ್ಬ ಒಂದು ಗುಟುಕು ಕುಡಿದು ಸುಮ್ನೆ ಕೂತ. ಆಮೇಲೆ, ‘ಅಣ್ಣಾ, ಇದ್ರಲ್ಲಿ ಅನ್ನದ ಸಿಹಿ ಬರ್ತಿದೆ. ಮೊದಲನೇದ್ರಲ್ಲಿ ಗೊತ್ತೇ ಆಗ್ಲಿಲ್ಲ’ ಅಂದ. ಆ ಗ್ಲಾಸ್ ಮುಗಿಸೋಕೆ ಅವರು ಒಂದು ಪ್ಲೇಟ್ ಕರಾಗೆ (ಜಪಾನಿ ಚಿಕನ್ ಫ್ರೈ) ತಿಂದರು, ಊರಿನ ಸುದ್ದಿಯೆಲ್ಲಾ ಮಾತಾಡಿದರು. ಮೂರನೇ ರೌಂಡ್ ಯಾರೂ ಕೇಳಲಿಲ್ಲ.