ಬಾರಿಸಿದವನಿಗೆ ಎಷ್ಟು ಕೊಟ್ರು?

ಮೊನ್ನೆ ಇನ್ವರ್ಟರ್ ರಿಪೇರಿಗೆ ಬಂದ ಅಣ್ಣ ಒಂದು ಪ್ರಶ್ನೆ ಕೇಳಿ, ಚಾ ಕುಡಿದು ಹೋದ್ರು. ಅವರು ಮರೆತಿರಬಹುದು, ನನ್ನ ತಲೆಯಲ್ಲಿ ಅದೇ ತಿರುಗ್ತಾ ಉಂಟು.

ಇನ್ವರ್ಟರ್‌ಗೂ ಮ್ಯೂಸಿಕ್ಕಿಗೂ ಎಂತ ಸಂಬಂಧ ಅಂದ್ರೆ, ನಾನು ಮನೆಯಲ್ಲೇ ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡ್ಲಿಕ್ಕೆ ಶುರು ಮಾಡಿದ್ದು ಎಫ್‌ಎಲ್ ಸ್ಟುಡಿಯೋ ಅಂತ ಮ್ಯೂಸಿಕ್ ಮಾಡುವ ಸಾಫ್ಟ್‌ವೇರಿನ ಟ್ರಯಲ್ ವರ್ಷನ್ನಲ್ಲಿ. ಅದ್ರಲ್ಲಿ ಟ್ರ್ಯಾಕ್ ಮಾಡಬಹುದು, ಸೇವೂ ಆಗ್ತದೆ, ಆದ್ರೆ ಒಮ್ಮೆ ಮುಚ್ಚಿದ ಪ್ರಾಜೆಕ್ಟನ್ನು ಪುನಃ ತೆರೀಬೇಕಾದ್ರೆ ಲೈಸೆನ್ಸ್ ತಗೊಳ್ಬೇಕು. ಹಾಗಾಗಿ ಟ್ರ್ಯಾಕ್ ಮುಗಿಯುವ ತನಕ ಲ್ಯಾಪ್‌ಟಾಪ್ ಆಫ್ ಮಾಡುವ ಹಾಗೇ ಇಲ್ಲ, ಅದರ ಬ್ಯಾಟರಿ ಸತ್ತು ಎಷ್ಟೋ ಕಾಲ ಆಯ್ತು, ಮೇಲಿಂದ ಉಡುಪಿಯ ಸೋಣ ತಿಂಗಳ ಮಳೆ, ಗಾಳಿ ಜೋರಾದ್ರೆ ಕರೆಂಟ್ ಹೋಯ್ತು ಅಂತಲೇ ಲೆಕ್ಕ. ಅಂಥಾ ಹೊತ್ತಲ್ಲೇ ಇನ್ವರ್ಟರ್ ಕೈ ಕೊಟ್ಟದ್ದು. "ಫ್ರಿಜ್ಜಲ್ಲಿದ್ದ ಮೀನು ಹಾಳಾದ್ರೂ ಅಡ್ಡಿಲ್ಲ ನಿಂಗೆ, ಆ ಡುಬುಡುಬು ಒಂದು ಉಳಿದ್ರೆ ಸಾಕು" ಅಂತ ಅಮ್ಮ.

ಈ ಅಣ್ಣ ಹೇಗೆ ಅಂದ್ರೆ, ನಾಳೆ ಬರ್ತೇನೆ ಅಂದ್ರೆ ನಾಡಿದ್ದು, ನಾಡಿದ್ದು ಅಂದ್ರೆ ದೇವರೇ ಗತಿ. ಕೆಲಸ ಮಾತ್ರ ಚೊಕ್ಕ. ಕೃಷ್ಣಾಷ್ಟಮಿ ಬಂತು ಅಂದ್ರೆ ಸ್ಕ್ರೂಡ್ರೈವರ್ ಬದಿಗಿಟ್ಟು ಕುತ್ತಿಗೆಗೆ ತಾಸೆ, ಅಂದ್ರೆ ಕೋಲಲ್ಲಿ ಬಾರಿಸುವ ಚರ್ಮವಾದ್ಯ, ನೇತು ಹಾಕಿಕೊಳ್ತಾರೆ, ಅಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಬೆಳಿಗ್ಗೆಯಿಂದ ರಾತ್ರಿ ತನಕ ಹುಲಿವೇಷದ ತಂಡದ ಒಟ್ಟಿಗೆ ತಿರುಗುವುದು. ನನಗದು ಗೊತ್ತಿತ್ತು, ಆದ್ರೆ ಅವರು ಬಂದ ಗಳಿಗೆಯಲ್ಲಿ ಸ್ಪೀಕರಲ್ಲಿ ತಾಸೆಯೇ ಓಡ್ತಾ ಇದ್ದದ್ದು ಮಾತ್ರ ಯೋಗಾಯೋಗ. ನೆಟ್ಟಿಂದ ಇಳಿಸಿದ ಒಂದು ಸ್ಯಾಂಪಲ್ ಪ್ಯಾಕಲ್ಲಿ, ಅಂದ್ರೆ ಮೊದ್ಲೇ ರೆಕಾರ್ಡ್ ಮಾಡಿಟ್ಟ ಸದ್ದುಗಳ ಕಟ್ಟಲ್ಲಿ, ಸಿಕ್ಕಿದ ಲೂಪ್ ಅದು, ಮುಗಿದ ಹಾಗೆ ಪುನಃ ಶುರು ಆಗುವ ತುಂಡು. ಅದ್ರಡಿಗೆ 808 ಅಂತ ಡ್ರಮ್ ಮಷಿನ್ನಿನ ಕಿಕ್, ಅಂದ್ರೆ ದಪ್ಪ ಡ್ರಮ್ಮಿನ ಸದ್ದು, ಹಾಕಿ ಇಟ್ಟಿದ್ದೆ.

"ಇದು ತಾಸೆ ಅಲ್ವನಾ?"

"ಹೌದಣ್ಣ."

"ಯಾರು ಬಾರಿಸಿದ್ದು?"

"ಗೊತ್ತಿಲ್ಲ ಅಣ್ಣ, ನೆಟ್ಟಿಂದ ತೆಗೆದದ್ದು."

"ಬಾರಿಸಿದವನಿಗೆ ಎಷ್ಟು ಕೊಟ್ರು?"

ಇಷ್ಟೇ. ಸಿಟ್ಟಿಲ್ಲ, ಕೊಂಕಿಲ್ಲ, ಮಲ್ಪೆಯಲ್ಲಿ ಬಂಗುಡೆಯ ರೇಟ್ ಕೇಳುವ ಹಾಗೆ ಕೇಳಿದ್ದು. ನಾನು "ಅದು ರಾಯಲ್ಟಿ ಫ್ರೀ ಅಣ್ಣ" ಅಂದೆ. "ಹಾಗಂದ್ರೆ?" "ಅಂದ್ರೆ ನಾವು ಎಷ್ಟು ಸಲ ಬಳಸಿದ್ರೂ ಪುನಃ ದುಡ್ಡು ಕೊಡ್ಲಿಕ್ಕಿಲ್ಲ." "ಅದು ನಿನ್ನ ಲೆಕ್ಕ ಆಯ್ತು. ನಾನು ಕೇಳಿದ್ದು ಅವನದ್ದು."

ನಿಜ ಹೇಳ್ಬೇಕಾದ್ರೆ ನಾನು ಬೇರೆ ಭಾಷಣ ಕೇಳ್ಲಿಕ್ಕೆ ತಯಾರಾಗಿದ್ದೆ. ಮಷಿನ್ನಿಗೆ ಜೀವ ಇಲ್ಲ, ಕೈಯಲ್ಲಿ ಬಾರಿಸಿದ ಹಾಗೆ ಆಗುದಿಲ್ಲ, ಈಗಿನ ಮಕ್ಕಳಿಗೆ ಎಲ್ಲ ರೆಡಿಮೇಡ್ ಬೇಕು, ಇತ್ಯಾದಿ. ಈ ಮಾತನ್ನು ಒಂದು ವಾದ್ಯ ಕೂಡ ಮುಟ್ಟದವರೇ ಜಾಸ್ತಿ ಹೇಳುದು, ಮದುವೆ ಹಾಲಲ್ಲಿ ಊಟಕ್ಕೆ ಕೂತಾಗ. ಈ ಅಣ್ಣ ಅದರ ಹತ್ತಿರವೂ ಹೋಗ್ಲಿಲ್ಲ. ಲೂಪ್ ನಿಲ್ಲದೇ ಓಡುವುದನ್ನು ನೋಡಿ "ಇದಕ್ಕೆ ಕೈ ನೋಯುದಿಲ್ಲ, ಅಲ್ವಾ" ಅಂದ್ರು, ಅದ್ರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅಂತ ನನಗೆ ಕಂಡದ್ದು.

ಆಮೇಲೆ ನಾನೂ ಬಾರಿಸಿ ನೋಡ್ತೇನೆ ಅಂತ ಲ್ಯಾಪ್‌ಟಾಪಿನ ಎರಡು ಕೀಗಳ ಮೇಲೆ ಎರಡು ಬೆರಳು ಇಟ್ರು. ನಾಲ್ಕು ಪೆಟ್ಟು ಹೊಡೆದು ಬಿಟ್ಟೇ ಬಿಟ್ರು. "ಪೆಟ್ಟು ಈಗ ಬಿತ್ತು, ಸದ್ದು ಆಮೇಲೆ ಬಂತು." ಬಫರ್, ಅಂದ್ರೆ ಸದ್ದು ಹೊರಗೆ ಬಿಡುವ ಮೊದ್ಲು ಲ್ಯಾಪ್‌ಟಾಪ್ ಒಟ್ಟು ಮಾಡಿಕೊಳ್ಳುವ ತುಂಡು, 1024 ಸ್ಯಾಂಪಲ್‌ಗೆ ಇತ್ತು (ಇಲ್ಲಿ ಸ್ಯಾಂಪಲ್ ಅಂದ್ರೆ ಸದ್ದಿನ ಒಂದು ಸಣ್ಣ ಅಳತೆ), ಸೆಕೆಂಡಿಗೆ 44,100 ಸ್ಯಾಂಪಲ್‌ನ ಲೆಕ್ಕದಲ್ಲಿ ಅದೊಂದೇ ಹತ್ತಿರ ಹತ್ತಿರ 23 ಮಿಲಿಸೆಕೆಂಡ್ ತಡ. ಮೌಸಲ್ಲಿ ಚುಕ್ಕಿ ಇಟ್ಟು ಬೀಟ್ ಮಾಡುವ ನನಗೆ ಅದು ಯಾವತ್ತೂ ಗೊತ್ತೇ ಆಗಿರ್ಲಿಲ್ಲ. 256ಕ್ಕೆ ಇಳಿಸಿದೆ, ಅಂದ್ರೆ ಸುಮಾರು 6. "ಹಾಂ, ಈಗ ಆದೀತು" ಅಂದ್ರು. ಇನ್ನೂ ಇಳಿಸಿದ್ರೆ ನನ್ನ ಲ್ಯಾಪ್‌ಟಾಪ್ ಚಟಪಟ ಅಂತದೆ.

ಅವರು ಹೋದ ಮೇಲೆ ನನ್ನ ಪ್ರಾಜೆಕ್ಟಿನ ಒಂದೊಂದೇ ಸದ್ದು ಹಿಡಿದು ಇದು ಯಾರು ಬಾರಿಸಿದ್ದು ಅಂತ ಕೇಳ್ತಾ ಕೂತೆ. 808 ಸುಲಭ. 1980ರಲ್ಲಿ ರೋಲ್ಯಾಂಡ್ ಕಂಪೆನಿ ಬಿಟ್ಟ ಆ ಮಷಿನ್ನಿನ ಒಳಗೆ ರೆಕಾರ್ಡ್ ಮಾಡಿದ ಡ್ರಮ್ ಇರ್ಲಿಲ್ಲ, ಸರ್ಕ್ಯೂಟೇ ಸದ್ದು ಹುಟ್ಟಿಸುದು, ಹಾಗಾಗಿ ಆ ಕಿಕ್ ಯಾರ ಕೈಯ ಪೆಟ್ಟೂ ಅಲ್ಲ, ಯಾರಿಗೂ ಬಾಕಿ ಇಲ್ಲ. ತೊಂದರೆ ಶುರು ಆಗುದು ಸ್ಯಾಂಪಲ್‌ನಲ್ಲಿ. ಜಂಗಲ್, ಡ್ರಮ್ ಆಂಡ್ ಬೇಸ್ ಅಂತ ನಾವು ಕೇಳುವ ಎಲೆಕ್ಟ್ರಾನಿಕ್ ಮ್ಯೂಸಿಕ್ಕಿನ ಬುಡದಲ್ಲಿ ಏಳು ಸೆಕೆಂಡೂ ತುಂಬದ ಒಂದು ಡ್ರಮ್ ತುಂಡು ಉಂಟು, ಆಮೆನ್ ಬ್ರೇಕ್ ಅಂತ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಬ್ಯಾಂಡಿನ ಗ್ರೆಗರಿ ಕೋಲ್ಮನ್ ಬಾರಿಸಿದ್ದು. ಸಾವಿರಾರು ಹಾಡುಗಳಲ್ಲಿ ಅದನ್ನು ಕತ್ತರಿಸಿ ಅಂಟಿಸಿದ್ದಾರೆ. ಕೋಲ್ಮನ್‌ಗೆ ಅದ್ರಿಂದ ಒಂದು ಪೈಸೆ ರಾಯಲ್ಟಿ ಬರ್ಲಿಲ್ಲ, 2006ರಲ್ಲಿ ಬಡತನದಲ್ಲೇ ತೀರಿಹೋದ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ 24,000 ಪೌಂಡ್ ಕೊಟ್ರು, ಅದು ಹೋದದ್ದು ಬ್ಯಾಂಡಿನ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ, ಬಾರಿಸಿದವ ಅಷ್ಟೊತ್ತಿಗೆ ಬದುಕಿರ್ಲಿಲ್ಲ.

ಇದನ್ನು ಬೆಂಗಳೂರಲ್ಲಿರುವ ಗೆಳೆಯನಿಗೆ ಹೇಳಿದೆ, ನನಗೆ ಈ ಹುಚ್ಚು ಹಿಡಿಸಿದ್ದೇ ಅವ. "ಪ್ಯಾಕ್‌ನವರು ಆ ತಾಸೆಯವನಿಗೆ ಒಂದು ದಿನದ ಸಂಬಳ ಕೊಟ್ಟಿರ್ತಾರೆ ಬಿಡು, ನೀನು ಮೊದ್ಲು ಒಂದು ಟ್ರ್ಯಾಕ್ ಮುಗಿಸು, ಆಮೇಲೆ ಸಮಾಜಸೇವೆ" ಅಂದ. ಕೊಟ್ಟಿರಲೂಬಹುದು. ಆದ್ರೆ ಅವನ ಮಾತಿನ ಧಾಟಿ ನನಗೆ ಹಿಡಿಸ್ಲಿಲ್ಲ. ಇದೇ ಮನುಷ್ಯ ತನ್ನ ಟ್ರ್ಯಾಕನ್ನು ಯಾರೋ ರೀಲ್ಸಿಗೆ ಹೆಸರು ಹಾಕದೆ ಬಳಸಿದ್ರು ಅಂತ ಎಷ್ಟು ಗಲಾಟೆ ಮಾಡಿದ್ದ. ಅಲ್ಲ, ಆ ಪ್ಯಾಕಿನ ಫೈಲಿಗೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಬರೆದಿದ್ದಾರೆ, ಕೀ ಅಂದ್ರೆ ಶ್ರುತಿ ಬರೆದಿದ್ದಾರೆ, ಕಂಪೆನಿಯ ಹೆಸರು ಪ್ರತಿ ಫೈಲಿನ ಮುಂದೆ ಉಂಟು, ಬಾರಿಸಿದವನ ಹೆಸರು ಹಾಕ್ಲಿಕ್ಕೆ ಮಾತ್ರ ಜಾಗ ಸಾಲ್ಲಿಲ್ವಾ? ನಮ್ಮೂರಲ್ಲೂ ಅಷ್ಟೇ, ಅಷ್ಟಮಿಯ ವಿಡಿಯೋಗಳಲ್ಲಿ ಹುಲಿಯ ಮುಖಕ್ಕೆ ಜೂಮ್, ಸೊಂಟಕ್ಕೆ ಜೂಮ್, ಇಡೀ ವಿಡಿಯೋ ನಿಂತಿರುದು ಯಾರ ಪೆಟ್ಟಿನ ಮೇಲೋ ಅವರು ಫ್ರೇಮಿನ ಮೂಲೆಯಲ್ಲಿ ಅರ್ಧ ಮೊಣಕೈ. ನಾನೂ ಹಾಗೇ ವಿಡಿಯೋ ಮಾಡುದು, ಬೇರೆಯವರನ್ನು ಹೇಳಿ ಎಂತ ಪ್ರಯೋಜನ.

ನಿನ್ನೆ ಅಣ್ಣನಿಗೆ ಫೋನ್ ಮಾಡಿ ತಾಸೆ ರೆಕಾರ್ಡ್ ಮಾಡ್ಲಿಕ್ಕೆ ಬರ್ತೀರಾ ಕೇಳಿದೆ. ಅಷ್ಟಮಿ ಕಳೀಲಿ ಅಂದ್ರು, ಮಳೆಗೆ ಚರ್ಮ ಮೆತ್ತಗಾಗಿ ಸದ್ದು ಸರಿ ಬರುದಿಲ್ಲ, ಬಿಸಿಲು ಬೀಳ್ಲಿ. ಒಬ್ಬರೇ ಬರುದಿಲ್ಲವಂತೆ, ಡೋಲಿನವ ಬೇಕೇ ಬೇಕು, ಅವನಿಗೆ ಬೇರೆ ಕೊಡ್ಬೇಕು. ರೇಟ್ ಹೇಳಿದ್ರು. ಇನ್ವರ್ಟರ್ ರಿಪೇರಿಗೆ ತಗೊಂಡದ್ದಕ್ಕಿಂತ ಜಾಸ್ತಿಯೇ, ನಾನು ಸ್ವಲ್ಪ ಕಮ್ಮಿ ಮಾಡಿ ಅಂತ ಕೇಳ್ಲಿಕ್ಕೆ ಹೊರಟು ಬಾಯಿ ಮುಚ್ಚಿದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನುಡಿಸುವ ಮಿಡಿ ಕೀಬೋರ್ಡಿಗೆ ತೆಗೆದಿಟ್ಟ ದುಡ್ಡು ಅಲ್ಲಿಗೆ ಹೋಗ್ತದೆ. ನನ್ನ ಹತ್ರ ಇರುದು ಒಂದೇ ಮೈಕ್, ಡೋಲಿಗೆ ಇನ್ನೊಂದು ಬೇಕು, ಉಡುಪಿ ಆಸುಪಾಸಲ್ಲಿ ಯಾರಾದ್ರೂ ಒಂದು ದಿನಕ್ಕೆ ಕೊಡುವವರಿದ್ರೆ ಹೇಳಿ, ಬಾಡಿಗೆ ಕೊಡ್ತೇನೆ.