ಹೊಸ ಪ್ಲೇಟ್ ಹಾಕಿದ ಮೇಲೂ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಜಾರುತ್ತಿದ್ದರೆ

ಬೇಲೂರು ರಸ್ತೆಯಲ್ಲಿ ಚೆನ್ನಾಗಿಯೇ ಓಡಿದ ಹಳೆಯ ಆಟೊಮ್ಯಾಟಿಕ್ ಕಾರು ಚಿಕ್ಕಮಗಳೂರು ಬಳಿಯ ಕೈಮರ ದಾಟಿ ಗಿರಿ ಹತ್ತಲು ಶುರು ಮಾಡಿದ ಕೂಡಲೇ ಎಂಜಿನ್ ಮಾತ್ರ ಕೂಗುತ್ತದೆ, ಗಾಡಿ ಮುಂದಕ್ಕೆ ಎಳೆಯುವುದಿಲ್ಲ. ಗೇರ್ ಬಾಕ್ಸ್ ಬಿಚ್ಚಿ ಕ್ಲಚ್ ಪ್ಲೇಟು (ಒಂದಕ್ಕೊಂದು ಒತ್ತಿ ಹಿಡಿದು ಎಂಜಿನ್ನಿನ ಶಕ್ತಿ ದಾಟಿಸುವ ಬಿಲ್ಲೆಗಳು), ಸೀಲು ಎಲ್ಲ ಹೊಸದು ಹಾಕಿಸಿ ತಿಂಗಳೂ ಆಗಿರುವುದಿಲ್ಲ. ಆಗ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, "ಪ್ಲೇಟ್ ಡೂಪ್ಲಿಕೇಟ್ ಇರಬೇಕು." ಇರಲೂಬಹುದು. ಆದರೆ ಹೊಸ ಪ್ಲೇಟ್ ತಾನಾಗಿ ಜಾರುವುದು ಅಪರೂಪ. ಅದನ್ನು ಒತ್ತಿ ಹಿಡಿಯಬೇಕಾದ ಆಯಿಲ್ ಪ್ರೆಶರ್ ಎಲ್ಲೋ ಸೋರಿಹೋಗುತ್ತಿರುತ್ತದೆ, ಇಲ್ಲವೇ ಮೊದಲಿಗೇ ಹುಟ್ಟುತ್ತಿರುವುದಿಲ್ಲ. ಅದು ಗೊತ್ತಾಗುವವರೆಗೆ ಗಾಡಿ ನಿಲ್ಲಿಸಿಬಿಡಿ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಹತ್ತು ನಿಮಿಷ ಜಾರಿಸಿಕೊಂಡು ಹತ್ತಿದರೆ ಹೊಸ ಪ್ಲೇಟೂ ಕರಿಕಲಾಗುತ್ತದೆ, ಆಮೇಲೆ ಮೂಲ ಕಾರಣ ಯಾವುದು, ಅದರಿಂದ ಆದ ಹಾನಿ ಯಾವುದು ಎಂದು ಬಿಡಿಸುವುದು ಕಷ್ಟ.

ಮೊದಲು ಡಿಪ್‌ಸ್ಟಿಕ್. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿ ಆಯಿಲ್ 70-80 ಡಿಗ್ರಿಗೆ ಬಂದಿರಬೇಕು, ನೆಲ ಸಮತಟ್ಟಾಗಿರಬೇಕು. ಕಾಫಿ ಒಣಗಿಸುವ ಕಣ ಸಮತಟ್ಟಾಗಿ ಕಂಡರೂ ನೀರು ಹರಿದುಹೋಗಲೆಂದು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಅದಕ್ಕಿಂತ ಪೆಟ್ರೋಲ್ ಬಂಕ್‌ನ ನೆಲ ವಾಸಿ. ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಹಾಕಿ ಪಾರ್ಕಿಗೆ ತನ್ನಿ. ಬಹುತೇಕ ಗಾಡಿಗಳಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗಲೇ ಲೆವೆಲ್ ನೋಡಬೇಕು. ಹೋಂಡಾದಲ್ಲಿ ಮಾತ್ರ ಎಂಜಿನ್ ಆಫ್ ಮಾಡಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಚೇಂಬರ್ (ಬಾಕ್ಸಿನ ಅಡಿಯ ಆಯಿಲ್ ತಟ್ಟೆ) ಬಿಚ್ಚಿದರೆ ಮೂರು ನಾಲ್ಕು ಲೀಟರ್ ಇಳಿಯುತ್ತದೆ, ಪೂರ್ತಿ ಬಿಚ್ಚಿದ ಬಾಕ್ಸ್ ಮಾತ್ರ ಆರರಿಂದ ಎಂಟು ಲೀಟರ್ ಕುಡಿಯುತ್ತದೆ, ಏಕೆಂದರೆ ಎಂಜಿನ್ನಿಗೂ ಬಾಕ್ಸಿಗೂ ನಡುವೆ ಆಯಿಲ್ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಖಾಲಿ ಇರುತ್ತದೆ. ಇಳಿದಷ್ಟೇ ಅಳತೆಗೆ ಸುರಿದು ಕಳಿಸಿದ ಗಾಡಿ ಊರೊಳಗೆ ಓಡುತ್ತದೆ, ಹೇರ್‌ಪಿನ್ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ವಾಲಿದಾಗ ಫಿಲ್ಟರ್ ಗಾಳಿ ಎಳೆದು ಜಾರುತ್ತದೆ. ತಿರುವಿನಲ್ಲಿ ಮಾತ್ರ ಜಾರುತ್ತಿದ್ದರೆ ನನ್ನ ಅನುಮಾನ ಮೊದಲು ಇದರ ಮೇಲೆ. ಜಾಸ್ತಿ ಸುರಿದರೂ ತೊಂದರೆಯೇ: ಗೇರುಗಳು ಕಡೆದು ನೊರೆ ಬರಿಸುತ್ತವೆ, ನೊರೆಗೆ ಒತ್ತುವ ಶಕ್ತಿ ಇಲ್ಲ.

ಲೆವೆಲ್ ಸರಿಯಿದ್ದೂ ಡಿಪ್‌ಸ್ಟಿಕ್ಕಿನ ಮೇಲೆ ಸಣ್ಣ ಗುಳ್ಳೆ ಕಂಡರೆ ಫಿಲ್ಟರಿನ ಕತ್ತಿನ ಓ-ರಿಂಗ್ ನೋಡಿ. ಹಳೆಯ ರಿಂಗ್ ಕೇಸಿನ ತೂತಿನಲ್ಲೇ ಅಂಟಿಕೊಂಡು ಉಳಿದಿರುತ್ತದೆ, ಕತ್ತಲಲ್ಲಿ ಅದೂ ಲೋಹದ ಅಂಚಿನಂತೆಯೇ ಕಾಣುತ್ತದೆ. ಅದರ ಮೇಲೆ ಹೊಸದನ್ನು ತಳ್ಳಿದರೆ ಫಿಲ್ಟರ್ ಪೂರ್ತಿ ಕೂರುವುದಿಲ್ಲ, ಪಂಪ್ ಗಾಳಿ ಎಳೆಯುತ್ತದೆ. ಬೆರಳು ಹಾಕಿ ತಡವಿದರೆ ಗೊತ್ತಾಗುತ್ತದೆ. ಚೇಂಬರ್ ಇಳಿಸಿದರೆ ಸಾಕು, ಬಾಕ್ಸ್ ಇಳಿಸಬೇಕಿಲ್ಲ. ಆಯಿಲ್ ನಸುಗೆಂಪು ಹಾಲಿನಂತಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಸೇರಿದೆ ಎಂದರ್ಥ. ನೀರು ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ, ಅಲ್ಲಿಗೆ ಬಾಕ್ಸ್ ಮತ್ತೆ ಬಿಚ್ಚಲೇಬೇಕು.

ಆಯಿಲ್ ಜಾತಿಯೂ ಮುಖ್ಯ. ಹಳೆಯ ಹ್ಯುಂಡೈ, ಮಿತ್ಸುಬಿಷಿಗೆ ಎಸ್‌ಪಿ-3, ಹೋಂಡಾಕ್ಕೆ ಅದರದೇ ಝಡ್-1 ಅಥವಾ ಅದರ ಬದಲಿಗೆ ಬಂದ ಡಿಡಬ್ಲ್ಯು-1. "ಪವರ್ ಸ್ಟೀರಿಂಗಿಗೆ ಹಾಕೋ ಕೆಂಪು ಆಯಿಲ್ ಆಗುತ್ತೆ" ಅನ್ನುವವರ ಮಾತು ಕೇಳಬೇಡಿ.

ಇನ್ನು ಯಾವಾಗ, ಯಾವ ಗೇರಿನಲ್ಲಿ ಜಾರುತ್ತದೆ ಎನ್ನುವುದು. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೆಕ್ಯಾನಿಕ್‌ಗೆ ಕೊಟ್ಟರೆ ಅರ್ಧ ಕೆಲಸ ಆದಂತೆ. ಡಿಸೆಂಬರಿನ ಬೆಳಗ್ಗೆ ಜಾರಿ, ಬಿಸಿಯಾದ ಮೇಲೆ ಸರಿಹೋದರೆ ಪ್ಲೇಟುಗಳನ್ನು ಒತ್ತುವ ಯಾವುದೋ ಪಿಸ್ಟನ್ನಿನ ಹಳೆಯ ಲಿಪ್ ಸೀಲ್ (ಅಂಚಿನ ರಬ್ಬರ್ ಸೀಲು) ಬದಲಾಯಿಸದೆ ಬಿಟ್ಟಿದ್ದಾರೆ. ರಬ್ಬರ್ ಗಟ್ಟಿಯಾಗಿರುತ್ತದೆ, ಬಿಸಿಗೆ ಮೆತ್ತಗಾಗಿ ಹಿಡಿಯುತ್ತದೆ. ಇದಕ್ಕೆ ತಿರುಗಾ, ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಜಾರಿದರೆ ಸವೆದ ಪಂಪ್, ಆಯಿಲನ್ನು ಬೇಕಾದ ಕ್ಲಚ್ಚಿಗೆ ಕಳಿಸುವ ವಾಲ್ವ್ ಬಾಡಿ ಸವೆದದ್ದು, ಇಲ್ಲವೇ ಕಡಿದುಹೋದ ಸೀಲಿಂಗ್ ರಿಂಗ್. ಆಯಿಲ್ ತೆಳುವಾದಷ್ಟೂ ಸೋರಿಕೆ ಹೆಚ್ಚು. ಡಿ-ಯಲ್ಲಿ ಹೊರಡದೆ ಎಲ್-ನಲ್ಲಿ ಹೊರಡುತ್ತದೆ ಎಂದರೆ ಒನ್‌ವೇ ಕ್ಲಚ್ (ಒಂದೇ ದಿಕ್ಕಿಗೆ ಹಿಡಿಯುವ ಭಾಗ) ಕೆಟ್ಟಿದೆ, ಅಥವಾ ತಿರುಗಾಮುರುಗಾ ಕೂತಿದೆ. ಟಾಪ್ ಗೇರು ಮತ್ತು ರಿವರ್ಸ್ ಎರಡೂ ಜಾರಿದರೆ ಹಳೆಯ ಮೂರು ಗೇರಿನ ಬಾಕ್ಸ್‌ಗಳಲ್ಲಿ ಹೆಚ್ಚಾಗಿ ಡೈರೆಕ್ಟ್ ಕ್ಲಚ್, ಎರಡಕ್ಕೂ ಕೆಲಸ ಮಾಡುವುದು ಅದೊಂದೇ. ಎಲ್ಲ ಗೇರೂ ಜಾರಿದರೆ ಒಂದೊಂದು ಕ್ಲಚ್ ಹುಡುಕುತ್ತಾ ಕೂರಬೇಡಿ, ಪಂಪ್ ಮತ್ತು ಪ್ರೆಶರ್ ರೆಗ್ಯುಲೇಟರ್ ಕಡೆ ಹೋಗಿ.

ಕಂಪ್ಯೂಟರ್ ಇಲ್ಲದ ಹಳೆಯ ಬಾಕ್ಸ್‌ಗಳಲ್ಲಿ ಆಕ್ಸಿಲರೇಟರಿನಿಂದ ಗೇರ್ ಬಾಕ್ಸಿಗೆ ಹೋಗುವ ಥ್ರಾಟಲ್ ಕೇಬಲ್ಲನ್ನು ಮರೆಯುವವರೇ ಹೆಚ್ಚು. ಎಷ್ಟು ಒತ್ತಿದ್ದೀರಿ ಎಂದು ಬಾಕ್ಸಿಗೆ ತಿಳಿಸುವುದು ಈ ತಂತಿ. ಅನೇಕ ಬಾಕ್ಸ್‌ಗಳಲ್ಲಿ ಇದು ಸಡಿಲವಿದ್ದರೆ ಏರಿನಲ್ಲಿ ಪೂರ್ತಿ ಒತ್ತಿದರೂ ಒಳಗೆ ಪ್ರೆಶರ್ ಏರುವುದಿಲ್ಲ, ಗೇರೂ ಬೇಗ ಬೇಗ ಬದಲಾಗುತ್ತದೆ. ಹಳೆಯ ಟೊಯೋಟಾಗಳಲ್ಲಿ ಅಳತೆ ಹೀಗೆ: ಪೆಡಲ್ ಪೂರ್ತಿ ಒತ್ತಿಸಿ, ಕೇಬಲ್ ಮೇಲಿನ ಗುಂಡು ಮತ್ತು ರಬ್ಬರ್ ಬೂಟಿನ ತುದಿಯ ನಡುವೆ 0-1 ಮಿ.ಮೀ. ಸಂದು. ಹತ್ತು ನಿಮಿಷದ ಕೆಲಸ.

ಇಷ್ಟಕ್ಕೂ ಸಿಗದಿದ್ದರೆ ಪ್ರೆಶರ್ ಗೇಜ್. ಎಂಜಿನ್ ಆಯಿಲಿಗೆ ಹಾಕುವ 10 ಕೆ.ಜಿ. ಗೇಜ್ ಸಾಲದು, 20 ಕೆ.ಜಿ.ಗೂ ಮೇಲೆ ತೋರಿಸುವುದು ಬೇಕು (ಕೆ.ಜಿ. ಎಂದರೆ ಇಲ್ಲಿ ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಒತ್ತಡ), ರಿವರ್ಸ್‌ನಲ್ಲಿ ಮುಳ್ಳು ಅಷ್ಟು ಏರಬಹುದು. ನಿಮ್ಮ ಬಾಕ್ಸಿನ ಮ್ಯಾನ್ಯುಯಲ್ಲಿನ ಅಂಕಿಗೆ ಹೋಲಿಸಿ. ಎಲ್ಲ ಕಡೆ ಕಡಿಮೆ ಇದ್ದರೆ ಪಂಪ್ ಭಾಗದ ದೋಷ. ಡಿ-ಯಲ್ಲಿ ಮಾತ್ರ ಕುಸಿದರೆ ಫಾರ್ವರ್ಡ್ ಕ್ಲಚ್‌ನ ದಾರಿಯಲ್ಲಿ ಸೋರಿಕೆ. ಸ್ಟಾಲ್ ಟೆಸ್ಟ್ (ಗೇರಿನಲ್ಲಿಟ್ಟು ಬ್ರೇಕ್ ಒತ್ತಿ ಹಿಡಿದು ಪೂರ್ತಿ ರೇಸ್ ಮಾಡಿ ನೋಡುವುದು) ಮಾಡುವುದಿದ್ದರೆ ಐದು ಸೆಕೆಂಡಿಗಿಂತ ಹೆಚ್ಚು ರೇಸ್ ಮಾಡಬೇಡಿ, ಜಾರುತ್ತಿರುವ ಗಾಡಿಗೆ ಅದನ್ನು ಮಾಡದಿದ್ದರೇ ಒಳ್ಳೆಯದು.

ಮತ್ತೆ ಬಿಚ್ಚಲೇಬೇಕಾಗಿ ಬಂದರೆ, ಜೋಡಿಸುವಾಗ ಪಕ್ಕದಲ್ಲಿ ನಿಂತು ನೋಡುವುದು ತಪ್ಪಲ್ಲ. ಹೊಸ ಪ್ಲೇಟುಗಳು ಅರ್ಧ ಗಂಟೆಯಾದರೂ ಅದೇ ಆಯಿಲಿನಲ್ಲಿ ನೆನೆದಿರಬೇಕು. ಲಿಪ್ ಸೀಲಿನ ತುಟಿ ಆಯಿಲ್ ಬರುವ ಕಡೆಗೆ ಮುಖ ಮಾಡಿರಬೇಕು. ಸೀಲ್ ಕೂರಿಸಲು ವ್ಯಾಸಲಿನ್ ಸಾಕು, ಬೇರಿಂಗ್ ಗ್ರೀಸ್ ಆಯಿಲಿನಲ್ಲಿ ಕರಗದೆ ಸಣ್ಣ ತೂತು ಕಟ್ಟಿಸುತ್ತದೆ. ಕಾಟನ್ ವೇಸ್ಟಿನ ನೂಲೂ ಹಾಗೇ, ವಾಲ್ವ್ ಬಾಡಿಯ ಹತ್ತಿರ ಸುಳಿಯಬಾರದು. ಪ್ರತಿ ಕ್ಲಚ್ ಜೋಡಿಸಿದ ಮೇಲೆ ಅದರ ಆಯಿಲ್ ತೂತಿಗೆ ಕಂಪ್ರೆಸರ್ ಗಾಳಿ ಬಿಡಬೇಕು, 2.5-3 ಕೆ.ಜಿ. ಸಾಕು. 'ಧಪ್' ಅಂತ ಗಟ್ಟಿ ಸದ್ದು ಬಂದು ಪ್ಲೇಟ್ ಹಿಡಿದರೆ ಸರಿ. 'ಸುಸ್‌ಸ್' ಅಂತ ಎಳೆಯುತ್ತಿದ್ದರೆ ಸೀಲ್ ಮಡಚಿದೆ ಅಥವಾ ಕೂರಿಸುವಾಗ ಕೊಯ್ದಿದೆ. ಈ ಒಂದು ಪರೀಕ್ಷೆ ಮಾಡದೆ ಮುಚ್ಚಿದ ಬಾಕ್ಸನ್ನು ನಾನಂತೂ ನಂಬುವುದಿಲ್ಲ.

ಕೂಲರ್ ಪೈಪ್ ತೊಳೆಯದಿದ್ದರೆ ಹಳೆಯ ಸುಟ್ಟ ಚೂರುಗಳೇ ಹೊಸ ಬಾಕ್ಸಿಗೆ ವಾಪಸ್ ಬರುತ್ತವೆ. ರಿಟರ್ನ್ ಪೈಪ್ ಬಿಚ್ಚಿ ಬಕೆಟ್ಟಿಗೆ ಹಿಡಿದು, ಐಡ್ಲಿಂಗ್‌ನಲ್ಲಿ 20 ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಲೀಟರ್ ಬರಬೇಕು. ಬಂದಷ್ಟನ್ನು ಮತ್ತೆ ತುಂಬಿಸಿ. ಟ್ರಯಲ್ ರನ್ನಿಗೆ ಘಾಟಿ ಬೇಡ, ಹಾಸನ-ಬೇಲೂರು ರಸ್ತೆ ಸಾಕು. ಸಾವಿರ ಕಿಲೋಮೀಟರ್ ಆದಮೇಲೆ ಚೇಂಬರ್ ಬಿಚ್ಚಿ ಮ್ಯಾಗ್ನೆಟ್ ನೋಡಿ: ಬೂದು ಬಣ್ಣದ ನುಣುಪು ಕೆಸರು ಇದ್ದರೆ ಒರೆಸಿ ಹಾಕಿ, ಚಕ್ಕೆಯೋ ಕಪ್ಪು ಚೂರೋ ಸಿಕ್ಕರೆ ಆಯಿಲ್ ತುಂಬುವ ಮೊದಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿ.