ಹೊಟ್ಟೆಯಲ್ಲಿ ಗಾಳಿ, ತಕ್ಕಡಿಯಲ್ಲಿ ಗ್ರಾಂ

ದಾವಣಗೆರೆಯಲ್ಲಿ ಸಣಕಲು ಕೂಸನ್ನು ಹೆತ್ತವಳು ಇಡೀ ಬೀದಿಗೆ ಉತ್ತರ ಕೊಡಬೇಕು. ನಿಟ್ಟುವಳ್ಳಿಯ ನನ್ನ ತವರುಮನೆಗೆ ಬಾಣಂತಿ ನೋಡಲು ಬಂದವರು ಮೊದಲು ತೊಟ್ಟಿಲು ಇಣುಕುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. "ಬೆಣ್ಣೆದೋಸೆ ಊರಾಗ ಹುಟ್ಟಿ ಕೂಸು ಹಿಂಗ್ಯಾಕೈತವ್ವ? ಹಾಲು ಸಾಲ್ತಿಲ್ಲೇನು?" ಕಾಫಿ ಕುಡಿದು ಹೋಗುವಾಗ ಒಬ್ಬೊಬ್ಬರೂ ಒಂದೊಂದು ಮದ್ದು ಹೇಳುತ್ತಿದ್ದರು. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು. ಜೇನುತುಪ್ಪ ನೆಕ್ಕಿಸು. ಜಾಯಿಕಾಯಿ ತೇಯ್ದು ಹಾಕು. ಪೌಡರ್ ಹಾಲು ತಂದುಬಿಡು, ನಮ್ಮ ಮೊಮ್ಮಗ ಅದನ್ನೇ ಕುಡಿದು ದುಂಡಗಾದ.

ಪುಟ್ಟಿ ಹುಟ್ಟಿದಾಗ 2.6 ಕೆಜಿ ಇದ್ದಳು. ಎರಡೂವರೆ ಕೆಜಿಗಿಂತ ಕೆಳಗಿದ್ದರೆ ಕಡಿಮೆ ತೂಕದ ಮಗು ಅಂತಾರೆ. ಇವಳು ಆ ಗೆರೆಯನ್ನು ಅಷ್ಟಕ್ಕಷ್ಟೇ ದಾಟಿದ್ದಳು. ಮೊದಲ ಕೆಲವು ದಿನ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರುತ್ತವೆ. ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ನಮ್ಮವಳು ತಿಂಗಳು ದಾಟಿದರೂ 2.9ರಲ್ಲೇ ನಿಂತಿದ್ದಳು. ಮನೆಗೆ ಬಂದ ಆಶಾ ಅಕ್ಕ ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕೆ ಇಟ್ಟರು. ಅದು ಹಸಿರು ಪಟ್ಟಿಯ ಕೆಳಗೆ, ಹಳದಿಯಲ್ಲಿ ಬಿತ್ತು. "ಡಾಕ್ಟರಿಗೆ ತೋರಿಸ್ರಿ, ಲೇಟ್ ಮಾಡಬ್ಯಾಡ್ರಿ" ಎಂದರು. ಬಂದವರ ಪೈಕಿ ಮದ್ದು ಹೇಳದೆ ಹೋದವರು ಅವರೊಬ್ಬರೇ.

ತೂಕದ ಜೊತೆಗೆ ಗ್ಯಾಸ್. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳು ಶುರು. ಹೊಟ್ಟೆ ಬಿಗಿಯಾಗಿ ಉಬ್ಬುತ್ತಿತ್ತು. ಕಾಲು ಮಡಚಿ, ಮುಖ ಕೆಂಪು ಮಾಡಿಕೊಂಡು ತಿಣುಕುತ್ತಿದ್ದಳು. ಹೊಲಸು ಹಸಿರಾಗಿ, ನೊರೆ ನೊರೆಯಾಗಿ ಹೋಗುತ್ತಿತ್ತು. ಮನೆಯಲ್ಲಿ ಇವು ಎರಡು ಬೇರೆ ಬೇರೆ ಕಾಯಿಲೆ ಎಂದು ತೀರ್ಮಾನವಾಗಿತ್ತು. ಗ್ಯಾಸಿಗೆ ಗ್ರೈಪ್ ವಾಟರ್, ತೂಕಕ್ಕೆ ಹಸುವಿನ ಹಾಲು. ಅಜ್ಜಿಯ ಲೆಕ್ಕ ಅಷ್ಟೇ.

ಏಪ್ರಿಲ್ ಬಿಸಿಲು. ಹೊತ್ತು ಏರುವ ಮೊದಲೇ ಆಟೋ ಹಿಡಿದು ಪಿ.ಜೆ. ಬಡಾವಣೆಯ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನಾನು, ಅವ್ವ, ಅಜ್ಜಿ, ಒಂದು ಚೀಲದ ತುಂಬ ಬಟ್ಟೆ. ಡಾಕ್ಟರಮ್ಮ ಪುಟ್ಟಿಯ ಬಟ್ಟೆ ಬಿಚ್ಚಿಸಿ ಪೂರ್ತಿ ನೋಡಿದರು. ಎದೆಬಡಿತ ಕೇಳಿದರು, ಹೊಟ್ಟೆ ಒತ್ತಿದರು. ಬಾಯಿಗೆ ಬೆರಳಿಟ್ಟು ಅಂಗುಳ ಸವರಿದರು, ನಾಲಗೆ ಎತ್ತಿ ಕೆಳಗೆ ನೋಡಿದರು. ಜ್ವರ ಬಂದಿತ್ತಾ, ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತಾಳೆ, ಕಕ್ಕುವುದು ಜೋರಾಗಿ ಚಿಮ್ಮುತ್ತಾ ಅಥವಾ ಸುಮ್ನೆ ಸೋರುತ್ತಾ ಎಂದೆಲ್ಲ ಕೇಳಿದರು. ಮೂತ್ರ ಪರೀಕ್ಷೆಗೂ ಬರೆದರು. ಈಗ ಚೀಟಿಯಲ್ಲಿ ಟಾನಿಕ್ ಬರುತ್ತದೆ ಎಂದು ಕಾಯುತ್ತಿದ್ದೆ. ಅವರು ಪೆನ್ನು ಮುಚ್ಚಿಟ್ಟು, "ಇಲ್ಲೇ ಕುಡಿಸಿ, ನಾನು ನೋಡಬೇಕು" ಎಂದರು.

ಕುಡಿಸುವ ಮೊದಲು ಸಿಸ್ಟರ್ ಪುಟ್ಟಿಯನ್ನು ಡಿಜಿಟಲ್ ತಕ್ಕಡಿಯಲ್ಲಿ ಮಲಗಿಸಿ ತೂಕ ಬರೆದುಕೊಂಡರು. "ಕುಡಿದ ಮೇಲೆ ಇದೇ ಬಟ್ಟೆಯಲ್ಲೇ ಮತ್ತೆ ತೂಗೋಣ. ಹೊಟ್ಟೆಗೆ ಎಷ್ಟು ಹೋಯ್ತು ಅಂತ ಗೊತ್ತಾಗುತ್ತೆ" ಎಂದರು. ಇಂಥದ್ದೊಂದು ಉಪಾಯ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅಜ್ಜಿ ತಕ್ಕಡಿಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡರು.

ಹೆರಿಗೆಯಾದ ಕಡೆ ಒಬ್ಬರು ಹೇಳಿಕೊಟ್ಟಿದ್ದಂತೆ ನಾನು ಗಡಿಯಾರ ನೋಡಿ ಕುಡಿಸುತ್ತಿದ್ದೆ. ಹತ್ತು ನಿಮಿಷ ಈ ಕಡೆ, ಹತ್ತು ನಿಮಿಷ ಆ ಕಡೆ. ಅಲ್ಲೂ ಹಾಗೇ ಮಾಡಿದೆ. ಸಿಸ್ಟರ್ ಬಗ್ಗಿ, ಮಾತಾಡದೆ ಕೇಳಿಸಿಕೊಂಡರು. "ಟಕ್ ಟಕ್ ಅಂತಿದೆಯಲ್ಲ, ಕೇಳಿಸ್ತಾ?" ಎಂದರು. ಕೇಳಿಸುತ್ತಿತ್ತು. ಮೊದಲಿನಿಂದಲೂ ಕೇಳಿಸುತ್ತಿತ್ತು. ಮಗು ಚೆನ್ನಾಗಿ ಚೀಪುವ ಸದ್ದು ಎಂದೇ ನಾವೆಲ್ಲ ಖುಷಿಪಟ್ಟಿದ್ದೆವು! ಆ ಸದ್ದು ಬಂದಾಗೆಲ್ಲ ಬಾಯಿಯ ಹಿಡಿತ ತಪ್ಪುತ್ತಿದೆ, ಹಾಲಿನ ಜೊತೆ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥವಂತೆ. ಚೆನ್ನಾಗಿ ಕುಡಿಯುವ ಮಗು ಚೀಪಿ, ಚೀಪಿ, ನುಂಗುತ್ತದೆ. ನುಂಗುವ ಸದ್ದು ಮೆಲ್ಲಗೆ ಗಂಟಲಿನಿಂದ ಬರುತ್ತದೆ.

ತೂಗಿದರು. ಬರೀ 10 ಗ್ರಾಂ ಹೆಚ್ಚಾಗಿತ್ತು. ಅಷ್ಟು ಹೊತ್ತು ಎದೆಗಂಟಿಕೊಂಡಿದ್ದಕ್ಕೆ ಸಿಕ್ಕಿದ್ದು ಎರಡು ಚಮಚ.

ಆಮೇಲೆ ಸಿಸ್ಟರ್ ನನ್ನ ಬೆನ್ನಿಗೆ ದಿಂಬು ಕೊಟ್ಟು ಮತ್ತೆ ಶುರು ಮಾಡಿಸಿದರು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗಬೇಕು, ಕತ್ತು ತಿರುಚಬಾರದು. ಅದರ ಮೂಗು ತೊಟ್ಟಿನ ನೇರಕ್ಕೆ. ತೊಟ್ಟಿನಿಂದ ತುಟಿ ಸವರಿ ಕಾಯಬೇಕು, ಬಾಯಿ ಆಕಳಿಕೆಯಷ್ಟು ಅಗಲ ತೆರೆಯುವ ತನಕ. ಆ ಗಳಿಗೆಯಲ್ಲಿ ಮಗುವನ್ನೇ ಎದೆಗೆ ತರಬೇಕು. ನಾನು ಇಷ್ಟು ದಿನ ಬಗ್ಗಿ ಬಗ್ಗಿ ಎದೆಯನ್ನೇ ಮಗುವಿನ ಬಾಯಿಗೆ ತುರುಕುತ್ತಿದ್ದೆ, ಬೆನ್ನುನೋವು ಬೇರೆ. ಬಾಯಲ್ಲಿ ಬರೀ ತೊಟ್ಟಿದ್ದರೆ ಸಾಲದು, ಸುತ್ತಲ ಕಪ್ಪು ಭಾಗದ ಬಹುಪಾಲು ಹೋಗಬೇಕು. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು. ಎರಡು ಮೂರು ಸಲ ತಪ್ಪಿತು. ಆಮೇಲೆ ಹಿಡಿಯಿತು. ಟಕ್ ಟಕ್ ನಿಂತುಹೋಯಿತು. ಚೀಪುವುದು ನಿಧಾನವಾದಾಗ ಸಿಸ್ಟರ್ ಹೇಳಿದಂತೆ ಎದೆಯನ್ನು ಮೆತ್ತಗೆ ಒತ್ತಿ ಹಿಡಿದೆ. ಮತ್ತೆ ನುಂಗಲು ಶುರು ಮಾಡಿದಳು. ನಿದ್ದೆಗೆ ಜಾರಿದಾಗ ಬಟ್ಟೆ ಸಡಿಲಿಸಿ ಅಂಗಾಲು ಉಜ್ಜಿದೆವು. ಅವಳಾಗಿ ಬಾಯಿ ಬಿಡುವ ತನಕ ಅದೇ ಕಡೆ ಕುಡಿಸಿದೆ, ಗಡಿಯಾರ ಯಾರೂ ನೋಡಲಿಲ್ಲ.

ಈ ಸಲ 35 ಗ್ರಾಂ ಹೆಚ್ಚಿತ್ತು. ನಾನು ಅತ್ತುಬಿಟ್ಟೆ. "ಹಾಲು ಐತಲ್ಲೇ ಹಂಗಾರೆ!" ಎಂದು ಅಜ್ಜಿ ಇಡೀ ಕ್ಲಿನಿಕ್ಕಿಗೆ ಕೇಳುವಂತೆ ಹೇಳಿದರು.

ಡಾಕ್ಟರಮ್ಮ ಆಮೇಲೆ ಬಿಡಿಸಿ ಹೇಳಿದರು. ಎದೆ ತುಂಬಿರುವಾಗ ಮೊದಲು ಬರುವ ಹಾಲು ತೆಳು. ಖಾಲಿಯಾಗುತ್ತ ಹೋದಂತೆ ಅದರಲ್ಲಿ ಕೊಬ್ಬು ಜಾಸ್ತಿಯಾಗುತ್ತದೆ. ಹತ್ತು ನಿಮಿಷಕ್ಕೆ ಕಡೆ ಬದಲಿಸಿದರೆ, ಅದರಲ್ಲೂ ಸರಿಯಾಗಿ ಹಿಡಿಯಲಾರದ ಮಗುವಿಗೆ, ಎರಡೂ ಕಡೆ ತೆಳು ಹಾಲೇ ಸಿಗುತ್ತದೆ. ಅದರ ಸಕ್ಕರೆ ಅಂಶ ಬೇಗ ಬೇಗ ಕರುಳಿಗೆ ಇಳಿದು, ಪೂರ್ತಿ ಜೀರ್ಣವಾಗದೆ ಹುದುಗುತ್ತದೆ. ಅದೇ ಗ್ಯಾಸ್, ಅದೇ ಹಸಿರು ನೊರೆ. ಮೇಲಿಂದ ನುಂಗಿದ ಗಾಳಿ ಹೊಟ್ಟೆ ತುಂಬಿಸಿ, ಮಗು ಸಾಕಾಯಿತೆಂದು ಬಿಟ್ಟುಬಿಡುತ್ತದೆ. ಗ್ಯಾಸೂ ತೂಕವೂ ಒಂದೇ ಕಡೆಯಿಂದ ಬಂದಿದ್ದವು.

"ಒಂದು ವಾರ ಹೀಗೆ ಮಾಡಿ. ಇದೇ ತಕ್ಕಡಿಯಲ್ಲಿ ತೂಗೋಣ. ಏರದಿದ್ದರೆ ಮೇಲುಹಾಲು, ಅಂದ್ರೆ ಪೌಡರ್ ಹಾಲು ಸೇರಿಸೋಣ, ಅದರಲ್ಲಿ ನಾಚಿಕೆ ಏನಿಲ್ಲ. ಅಷ್ಟರೊಳಗೆ ಜ್ವರ ಬಂದರೆ, ಕುಡಿಯೋದು ಬಿಟ್ಟರೆ, ಉಚ್ಚೆ ಕಡಿಮೆಯಾದರೆ ವಾರ ಕಾಯಬೇಡಿ" ಎಂದರು. ನಡುವೆ ಬೇರೆ ತಕ್ಕಡಿಯಲ್ಲಿ ತೂಗಬೇಡಿ ಎಂದೂ ಹೇಳಿದರು. ತಕ್ಕಡಿಯಿಂದ ತಕ್ಕಡಿಗೆ ಬರುವ ವ್ಯತ್ಯಾಸವೇ ಮಗುವಿನ ವಾರದ ಗಳಿಕೆಯನ್ನು ನುಂಗಿಬಿಡಬಹುದಲ್ವಾ.

ಗ್ರೈಪ್ ವಾಟರ್ ಬೇಡ, ಜೇನು ವರ್ಷ ತುಂಬುವ ತನಕ ಮುಟ್ಟಿಸಲೇಬೇಡಿ, ಅದರಲ್ಲಿ ಎಳೆಮಕ್ಕಳಿಗೆ ವಿಷವಾಗುವ ರೋಗಾಣುವಿನ ಬೀಜ ಇರಬಹುದು ಎಂದರು. ಹಸುವಿನ ಹಾಲೂ ವರ್ಷದ ಮೇಲೆಯೇ. ನೀರು ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಅಜ್ಜಿಯ ಮುಖ ಸಣ್ಣಗಾಯಿತು. ನನಗೆ ಅಜ್ಜಿಯ ಮೇಲೆ ಸಿಟ್ಟಿಲ್ಲ. ಅವರ ಕಾಲದಲ್ಲಿ ತೂಗಿ ತೋರಿಸುವವರು ಯಾರಿದ್ದರು?

ಅಜ್ಜಿಗೆ ಬೇರೊಂದು ಕೆಲಸ ಸಿಕ್ಕಿತು. ಪ್ರತಿ ಸಲ ಕುಡಿಸಿದ ಮೇಲೆ ಉಳಿದ ಹಾಲನ್ನು ಕೈಯಿಂದ ಹಿಂಡಿ, ಮಗುವಿಗೆ ಬಾಟಲಿಯ ಬದಲು ಒಳಲೆಯಲ್ಲಿ ಕೊಡಿ ಎಂದಿದ್ದರು ಡಾಕ್ಟರಮ್ಮ. ಗ್ರೈಪ್ ವಾಟರ್ ಹಾಕಲೆಂದೇ ಅಜ್ಜಿ ಟ್ರಂಕಿನಿಂದ ತೆಗೆದಿಟ್ಟಿದ್ದ ಬೆಳ್ಳಿಯ ಒಳಲೆ ಮನೆಯಲ್ಲಿತ್ತು. ಅದರಲ್ಲಿ ನನ್ನಮ್ಮ ಕುಡಿದಿದ್ದಾಳೆ, ನಾನು ಕುಡಿದಿದ್ದೇನೆ. ಪ್ರತಿ ಸಲ ಕುದಿಯುವ ನೀರಲ್ಲಿ ಹಾಕಿ ತೆಗೆಯುತ್ತಿದ್ದೆವು. ಅಜ್ಜಿಗೆ ಚಾಚಿದ ಕಾಲ ಮೇಲೆ ಮಲಗಿಸಿ ಗಂಟಲಿಗೆ ಸುರಿಯುವುದು ಅಭ್ಯಾಸ. ಅದನ್ನು ಬಿಡಿಸಲು ನಾಲ್ಕು ಮಾತಾಯಿತು. ತಲೆ ಎತ್ತರಕ್ಕೆ ಹಿಡಿದು, ಒಳಲೆಯ ಮೂತಿ ತುಟಿಗೆ ತಾಗಿಸಿದರೆ ಸಾಕು, ಪುಟ್ಟಿ ತಾನೇ ನೆಕ್ಕಿ ನೆಕ್ಕಿ ಎಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿದ ಮೇಲೆ ಒಳಲೆಯನ್ನು ಅಜ್ಜಿ ಬೇರೆ ಯಾರ ಕೈಗೂ ಕೊಡಲಿಲ್ಲ. ನಮ್ಮ ಊರಿನ ಬೇಸಿಗೆಗೆ ಹಿಂಡಿದ ಹಾಲು ಹೊರಗಿಡುವ ಹಾಗಿಲ್ಲ, ಆಗಿಂದಾಗಲೇ ಕುಡಿಸುತ್ತಿದ್ದೆವು.

ಎರೆಯುವುದೂ ಅಜ್ಜಿಯದೇ. ಎಣ್ಣೆ ಹಚ್ಚಿ, ಮೊಣಕಾಲು ಹೊಟ್ಟೆಗೆ ಮಡಚಿ ಸೈಕಲ್ ತುಳಿಸಿದಂತೆ ಆಡಿಸಿದಾಗ ಹೂಸು ಪಟಪಟ ಹೋಗುತ್ತಿತ್ತು. ಅದಕ್ಕೆ ಡಾಕ್ಟರಮ್ಮನೂ ಹೂಂ ಅಂದಿದ್ದರು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಮಾತ್ರ ನಿಂತಿತು. ಲೋಬಾನದ ಹೊಗೆಯೂ.

ತೇಗಿಸುವ ಕೆಲಸ ನನ್ನ ಗಂಡನದು. ಅವರು ಚಿತ್ರದುರ್ಗದಿಂದ ಶನಿವಾರ ಬಂದರೆ ಭಾನುವಾರ ರಾತ್ರಿ ತನಕ ಭುಜದ ಮೇಲೆ ಬಟ್ಟೆ ಹಾಕಿಕೊಂಡೇ ಓಡಾಡುತ್ತಿದ್ದರು. ಕುಡಿದು ಮುಗಿದ ಮೇಲೆ ಮಾತ್ರವಲ್ಲ, ನಡುವೆ ಅವಳು ಚಡಪಡಿಸಿ ಬಾಯಿ ಬಿಟ್ಟಾಗಲೂ ಒಮ್ಮೆ ತೇಗಿಸಿದರೆ ಮತ್ತಷ್ಟು ಕುಡಿಯುತ್ತಿದ್ದಳು. ಇನ್ನೊಂದು ಗಮನಿಸಿದೆ. ಅತ್ತು ಅತ್ತು ಆಮೇಲೆ ಕುಡಿದರೆ ಗಾಳಿ ಜಾಸ್ತಿ. ಅಳು ಹಸಿವಿನ ಕೊನೆಯ ಸುದ್ದಿ. ಅದಕ್ಕೂ ಮೊದಲೇ ಕೈ ಬಾಯಿಗೆ ಹೋಗುತ್ತದೆ, ತಲೆ ಆಚೀಚೆ ಆಡುತ್ತದೆ. ಆಗಲೇ ಎತ್ತಿಕೊಳ್ಳುತ್ತಿದ್ದೆ. ಅಳದಿದ್ದರೂ ಎರಡು, ಎರಡೂವರೆ ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕಿತ್ತು, ರಾತ್ರಿಯೂ. ರಾತ್ರಿ ಕುಡಿಸಿದಷ್ಟೂ ಹಾಲು ಹೆಚ್ಚುತ್ತದೆ, ಹಾಲೂಡಿಸುವ ಹಾರ್ಮೋನು ಆಗಲೇ ಜೋರು. ಆ ರಾತ್ರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆತ್ತವರಿಗೆ ಗೊತ್ತು.

ನನ್ನ ತಟ್ಟೆಯ ಜಗಳ ಬೇರೆ. ಬೇಳೆ ಬೇಡ, ಆಲೂಗಡ್ಡೆ ಬೇಡ, ಕೋಸು ಬೇಡ, ಕೂಸಿಗೆ ವಾಯು ಆಗುತ್ತೆ ಎಂದು ಬರೀ ಮೆಣಸಿನ ಸಾರು ಅನ್ನ. ನೀರೂ ಅಳತೆಯಲ್ಲಿ. ತಾಯಿಯ ಕರುಳಿನ ಗಾಳಿ ಹಾಲಿಗೆ ಇಳಿಯುವುದಿಲ್ಲ, ಹಾಲೂಡಿಸುವವಳಿಗೆ ದಿನಕ್ಕೆ 500-600 ಕ್ಯಾಲೊರಿ ಹೆಚ್ಚೇ ಬೇಕು ಎಂದು ಡಾಕ್ಟರಮ್ಮ ಹೇಳಿದ ಮೇಲೆ ರೊಟ್ಟಿ, ಬೇಳೆ, ಸಬ್ಬಸಿಗೆ ಪಲ್ಯ, ಮೊಸರು ಎಲ್ಲ ವಾಪಸ್ ಬಂತು. ಅಂಟಿನ ಉಂಡೆ ಮೊದಲೇ ಇತ್ತು, ಅದನ್ನು ಬಿಡುವ ಮಾತೇ ಇಲ್ಲ. ಒಂದು ಸಂಜೆ ತಮ್ಮ ಮಂಡಕ್ಕಿ ಮಿರ್ಚಿ ತಂದ. ಕದ್ದು ತಿಂದೆ. ಆ ರಾತ್ರಿ ಪುಟ್ಟಿ ಎಂದಿಗಿಂತ ಚೆನ್ನಾಗಿ ಮಲಗಿದಳು.

ವಾರ ಕಳೆದು ತೂಗಿದಾಗ 130 ಗ್ರಾಂ ಏರಿತ್ತು. "ಇಷ್ಟೇನಾ? ಎರಡು ಸೇರು ಮಂಡಕ್ಕಿ ತೂಗಿದಂಗಾತು" ಎಂದರು ಅಜ್ಜಿ. ಡಾಕ್ಟರಮ್ಮನಿಗೆ ಮಾತ್ರ ಖುಷಿ. ಮೂತ್ರ ಪರೀಕ್ಷೆಯೂ ಸರಿಯಿತ್ತು. ಮೇಲುಹಾಲಿನ ಮಾತು ಸದ್ಯಕ್ಕೆ ಬದಿಗೆ ಹೋಯಿತು. ಮುಂದಿನ ವಾರಗಳಲ್ಲಿ ಇನ್ನೂರು ದಾಟಿದ್ದೂ ಉಂಟು. ಹೊಲಸಿನ ನೊರೆ ನಿಂತು, ಹಳದಿಗೆ ತಿರುಗಿತು. ಸಂಜೆಯ ಅಳು ಮಾತ್ರ ಪೂರ್ತಿ ಹೋಗಲಿಲ್ಲ. ಅದು ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುವಂಥದ್ದು. ಎಲ್ಲ ಅಳುವನ್ನೂ ಗ್ಯಾಸಿನ ಲೆಕ್ಕಕ್ಕೆ ಬರೆಯಬಾರದು ಎಂದು ನನಗೆ ಅರ್ಥವಾಗಲು ಅಷ್ಟು ಹೊತ್ತು ಹಿಡಿಯಿತು.

ಹದಿನಾಲ್ಕನೇ ವಾರದ ಲಸಿಕೆಗೆ ಹೋದಾಗ 4.6 ಕೆಜಿ. ಆಶಾ ಅಕ್ಕ ತಾಯಿ ಕಾರ್ಡು ತೆಗೆದು ಚುಕ್ಕೆ ಇಟ್ಟರು. ಹಸಿರು ಪಟ್ಟಿಯ ಅಂಚಿನಲ್ಲಿ, ಆದರೂ ಒಳಗೇ. ಈಗ ಬೀದಿಯವರ ಪ್ರಶ್ನೆ ಬದಲಾಗಿದೆ. ಏನು ಕೊಟ್ಟಿ, ಯಾವ ಪೌಡರ್ ಎಂದು ಕೇಳುತ್ತಾರೆ. ಹಿಡಿಯುವ ರೀತಿ ಬದಲಿಸಿದೆ ಅಂದರೆ ಯಾರೂ ನಂಬುವುದಿಲ್ಲ, ಹೆಸರು ಮುಚ್ಚಿಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಕೈಗೆ ಬಜೆ ಕಟ್ಟಿದ್ದಕ್ಕೆ ಸರಿಹೋಯಿತು ಎಂದು ಅಜ್ಜಿ ಒಂದಿಬ್ಬರಿಗೆ ಹೇಳಿದ್ದೂ ನನ್ನ ಕಿವಿಗೆ ಬಿದ್ದಿದೆ.

ಮುಂದಿನ ತಿಂಗಳು ಚಿತ್ರದುರ್ಗಕ್ಕೆ ಹೊರಡಬೇಕು. ಅತ್ತೆ ಮೊನ್ನೆ ಫೋನಿನಲ್ಲಿ ರಾಗಿ ಸರಿ ಯಾವಾಗ ಶುರು ಮಾಡೋಣ ಎಂದು ಕೇಳಿದರು. ಆರು ತಿಂಗಳು ತುಂಬಲಿ ಅತ್ತೆ, ಅಲ್ಲಿ ತನಕ ಎದೆಹಾಲೇ ಎಂದೆ. ಆಯ್ತಮ್ಮ ಎಂದರು. ರಾಗಿ ಮೊಳಕೆ ಕಟ್ಟಿ ಆಗಲೇ ಮಾಳಿಗೆ ಮೇಲೆ ಒಣಗಲು ಹಾಕಿದ್ದಾರಂತೆ.